ವಸತಿ ಶಾಲೆಯಲ್ಲಿ ಹತ್ತನೇ ಕ್ಲಾಸಿನವರು ಎಂಟನೇ ಕ್ಲಾಸಿನವರಿಗೆ ಹೊಡೆಯುತ್ತಿದ್ದಾರೆ: ರಾಜಿ ಮಾಡಿಸಬೇಕಾ, ಟಿಸಿ ಕೊಡಬೇಕಾ?

ಹಾಸ್ಟೆಲ್_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಆರರಿಂದ ಹತ್ತರವರೆಗಿನ ವಸತಿ ಶಾಲೆ, ಹುಡುಗರ ಹಾಸ್ಟೆಲ್. ರಾತ್ರಿ ಓದಿನ ಅವಧಿ ಮುಗಿದು ದೀಪ ಆರಿಸುವ ತನಕದ ಹೊತ್ತಿನಲ್ಲಿ ಹತ್ತನೇ ತರಗತಿಯ ನಾಲ್ವರು ಎಂಟನೇ ತರಗತಿಯವರಿಂದ ಬಟ್ಟೆ ಒಗೆಸುತ್ತಾರೆ, ಮನೆಯಿಂದ ತಂದ ತಿಂಡಿ ಕಿತ್ತುಕೊಳ್ಳುತ್ತಾರೆ, ಒಪ್ಪದವರಿಗೆ ಏಟು ಬೀಳುತ್ತದೆ. ಒಬ್ಬ ಹುಡುಗ ಕಪಾಳಕ್ಕೆ ಹೊಡೆಸಿಕೊಂಡ ಮೇಲೆ ಕಿವಿ ನೋವು ಅನ್ನುತ್ತಿದ್ದಾನೆ. ‘ನನ್ ಹೆಸರು ಹೇಳ್ಬೇಡಿ ಸರ್’ ಅಂತ ಅಳುತ್ತಾನೆ. ಯಾರದೋ ಫೋನಿನಲ್ಲಿ ವಿಡಿಯೊ ಕೂಡ ಇದೆಯಂತೆ.

ಪ್ರಿನ್ಸಿಪಾಲರು ಎರಡೂ ಕಡೆಯವರನ್ನು ಕೂರಿಸಿ ಕೈ ಕುಲುಕಿಸಿ, ತಪ್ಪೊಪ್ಪಿಗೆ ಬರೆಸಿ ಮುಗಿಸೋಣ ಅನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ ಟಿಸಿ ಕೊಟ್ಟು ಕಳಿಸಿ ಅನ್ನುವವರೇ ಹೆಚ್ಚು. ಹುಡುಗನ ತಂದೆ ಪೊಲೀಸ್ ಠಾಣೆಗೆ ಹೋಗುತ್ತೇನೆ ಅನ್ನುತ್ತಿದ್ದಾರೆ. ಯಾವುದು ಮೊದಲು, ಯಾವುದು ಆಮೇಲೆ?

ಆಪ್ತಸಲಹೆ_ಮೇಡಂ:

ಸರ್, ಎಲ್ಲಕ್ಕಿಂತ ಮೊದಲು ಆ ಹುಡುಗನ ಕಿವಿ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಂಗೈ ಸರಿಯಾಗಿ ಕಿವಿಯ ಮೇಲೆ ಬಿದ್ದರೆ ಗಾಳಿಯ ಒತ್ತಡಕ್ಕೆ ಕಿವಿತಮಟೆ ಹರಿಯುವುದುಂಟು. ನೋವು, ಗುಂಯ್‌ಗುಡುವುದು, ಮಂದವಾಗಿ ಕೇಳಿಸುವುದು, ರಕ್ತ ಅಥವಾ ನೀರು ಸೋರುವುದು ಅದರ ಲಕ್ಷಣ. ಕಿವಿಗೆ ಬಿಸಿ ಎಣ್ಣೆ ಬಿಡುವ ರೂಢಿ ಕೆಲವು ಕಡೆ ಇದೆ, ದಯವಿಟ್ಟು ಬೇಡ. ತಮಟೆ ಹರಿದಿದ್ದರೆ ಸೋಂಕು ಒಳಗೆ ಇಳಿಯುತ್ತದೆ. ಡಾಕ್ಟರ್ ನೋಡುವವರೆಗೆ ತಲೆಗೆ ನೀರು ಹಾಕಿಸಬೇಡಿ. ಡಾಕ್ಟರಿಗೆ ‘ಆಟ ಆಡುವಾಗ ಬಿದ್ದ’ ಅನ್ನಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆ ಚೀಟಿಯೇ ನಾಳೆ ಹುಡುಗನಿಗೆ ಆಧಾರ. ಉಳಿದವರನ್ನೂ ವಿಚಾರಿಸಿ: ತಲೆಗೆ ಏಟು ಬಿದ್ದು ವಾಂತಿ, ಮಂಪರು, ಹೆಚ್ಚುತ್ತಾ ಹೋಗುವ ತಲೆನೋವು ಇದ್ದರೆ ರಾತ್ರಿಯೇ ಆಗಿದ್ದರೂ ಆಸ್ಪತ್ರೆಗೆ ಹೊರಡಬೇಕು. ತೊಡೆಸಂದಿಗೆ ಒದೆ ಬಿದ್ದು ವೃಷಣದ ನೋವು ಇಳಿಯದಿದ್ದರೂ ಅಷ್ಟೇ. ಅಲ್ಲಿ ನಾಳ ತಿರುಚಿಕೊಂಡಿದ್ದರೆ ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆಗಬೇಕಾಗುತ್ತದೆ. ಹುಡುಗರು ನಾಚಿಕೆಗೆ ಹೇಳುವುದಿಲ್ಲ, ನಾವೇ ಕೇಳಬೇಕು.

ಇನ್ನು ರಾಜಿ. ಸಮಬಲದ ಇಬ್ಬರು ಜಗಳ ಆಡಿದ್ದರೆ ರಾಜಿ ಸರಿ. ಇಲ್ಲಿ ಜಗಳವೇ ನಡೆದಿಲ್ಲವಲ್ಲ. ನಾರ್ವೆಯ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಇಂಥ ಕಿರುಕುಳಕ್ಕೆ ಹೇಳಿದ ಮೂರು ಗುರುತುಗಳು ನಿಮ್ಮ ವಿವರಣೆಯಲ್ಲೇ ಇವೆ: ಬೇಕಂತಲೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಒಬ್ಬರ ಕೈ ಮೇಲಿರುವುದು. ಇಂಥ ಕಡೆ ಎದುರಾಬದುರು ಕೂರಿಸಿದರೆ ಚಿಕ್ಕವನು ಹೆದರಿ ಕ್ಷಮಿಸುತ್ತಾನೆ, ರಾತ್ರಿ ‘ಕಂಪ್ಲೇಂಟ್ ಕೊಟ್ಯೇನೋ’ ಅಂತ ಎರಡನೇ ಸುತ್ತು ಶುರುವಾಗುತ್ತದೆ.

ಹೆಸರು ಹೊರಬರಬಾರದು ಅಂದರೆ ಅವನೊಬ್ಬನನ್ನೇ ಕರೆಯಬೇಡಿ. ಆ ಡಾರ್ಮಿಟರಿಯ ಎಲ್ಲರನ್ನೂ ಒಂದೇ ಮಧ್ಯಾಹ್ನ, ಒಬ್ಬೊಬ್ಬರಾಗಿ, ಐದರಿಂದ ಹತ್ತು ನಿಮಿಷ ಮಾತಾಡಿಸಿ. ಎಲ್ಲರಿಗೂ ಅದೇ ಪ್ರಶ್ನೆ: ‘ಸೋಮವಾರ ರಾತ್ರಿ ಓದು ಮುಗಿದ ಮೇಲೆ ಮಲಗೋ ತನಕ ಏನೇನಾಯ್ತು, ಹೇಳಪ್ಪ.’ ‘ಅವನು ಹೊಡೆದ ಅಲ್ವಾ?’ ಅಂತ ಉತ್ತರವನ್ನು ಬಾಯಿಗೆ ತುರುಕಬಾರದು. ಹುಡುಗ ಬಳಸಿದ ಮಾತನ್ನೇ ಬರೆದುಕೊಳ್ಳಿ. ‘ದೈಹಿಕ ಹಲ್ಲೆ ನಡೆಸಿದ’ ಅಂತ ಪುಸ್ತಕದ ಭಾಷೆಗೆ ತಿರುಗಿಸಿದರೆ ಆಮೇಲೆ ಅದು ಅವನ ಮಾತಾಗಿ ನಿಲ್ಲುವುದಿಲ್ಲ. ಆ ನಾಲ್ವರನ್ನು ಅದೇ ಹೊತ್ತಿಗೆ ನಾಲ್ಕು ಕೋಣೆಯಲ್ಲಿ ಕೂರಿಸಿ, ವಿಚಾರಣೆ ಮುಗಿಯುವವರೆಗೆ ಒಟ್ಟಿಗೆ ಬಿಡಬೇಡಿ. ಗುಂಪಾಗಿ ಕರೆದರೆ ನಾಯಕನ ಮುಖ ನೋಡಿಕೊಂಡೇ ಉತ್ತರ ಬರುತ್ತದೆ.

ಹುಡುಗನಿಗೆ ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗುವುದಿಲ್ಲ. ಯಾರಿಗೆ ಹೇಳುತ್ತೀರಿ, ಏಕೆ, ಇವತ್ತು ರಾತ್ರಿ ಅವನ ಪಕ್ಕ ಯಾರು ಮಲಗುತ್ತಾರೆ, ಅಷ್ಟನ್ನು ಹೇಳಿ.

ಪಿಟಿ_ಪೀರಿಯಡ್:

ಇಷ್ಟೆಲ್ಲ ಯಾಕೆ? ನಾಲ್ವರಿಗೂ ಅಸೆಂಬ್ಲಿಯಲ್ಲಿ ಎಲ್ಲರ ಮುಂದೆ ಎರಡೆರಡು ಬಿಟ್ಟರೆ ತಾನಾಗೇ ಸರಿಹೋಗ್ತಾರೆ.

ವಾರ್ಡನ್_ಕೊಪ್ಪಳ:

ಬೇಡ ಸರ್. ಬಲ ಇದ್ದವನು ಹೊಡೆಯಬಹುದು ಅನ್ನುವ ಪಾಠವನ್ನು ಅವರು ಈಗಾಗಲೇ ಕಲಿತಿದ್ದಾರೆ, ಅಸೆಂಬ್ಲಿಯಲ್ಲಿ ಅದನ್ನೇ ಇಡೀ ಶಾಲೆಗೆ ಕಲಿಸಿದಂತಾಗುತ್ತದೆ. ಅವಮಾನದ ಬಿಸಿ ಅವತ್ತು ರಾತ್ರಿ ಚಿಕ್ಕವರ ಮೇಲೆಯೇ ಇಳಿಯುತ್ತದೆ.

ಮೇಷ್ಟ್ರೇ, ನಿಮ್ಮ ಹಾಸ್ಟೆಲ್‌ನಲ್ಲಿ ಲೀಡರ್‌ಗಳಿಗೆ ಏನೇನು ಅಧಿಕಾರ ಕೊಟ್ಟಿದ್ದೀರಿ ಅನ್ನುವುದನ್ನು ಮೊದಲು ನೋಡಿ. ಬಹುಪಾಲು ಕಡೆ ಮೂಲ ಅಲ್ಲೇ ಇರುತ್ತದೆ. ಸಿಬ್ಬಂದಿ ಕಡಿಮೆ, ಮಕ್ಕಳು ಇನ್ನೂರರ ಮೇಲೆ; ಹಾಗಾಗಿ ಶಿಸ್ತು ನೋಡಿಕೊಳ್ಳಲು ಹತ್ತನೇ ತರಗತಿಯವರನ್ನು ಬಿಡುತ್ತೇವೆ. ಮಾತಾಡಿದವರ ಹೆಸರು ಬರೆಯುವುದು ಅವರೇ, ಸಾಲು ನಿಲ್ಲಿಸುವುದು ಅವರೇ, ಚಿಕ್ಕಿ, ಮೊಟ್ಟೆ, ಬಾಳೆಹಣ್ಣು ಹಂಚುವುದು ಅವರೇ, ಡಾರ್ಮಿಟರಿ ಬೀಗದ ಕೈ ಅವರ ಜೇಬಿನಲ್ಲೇ. ಹೆಸರು ಬರೆಯದೇ ಇರಲು ಒಂದು ಬಕೆಟ್ ಬಟ್ಟೆ ಒಗೆಸಿಕೊಳ್ಳುವುದು ಅಲ್ಲಿಂದಲೇ ಹುಟ್ಟಿಕೊಳ್ಳುತ್ತದೆ. ಈ ನಾಲ್ಕನ್ನೂ ಇದೇ ವಾರ ವಾಪಸ್ ತೆಗೆದುಕೊಳ್ಳಿ. ಹಂಚುವುದು ಅಡುಗೆ ಸಿಬ್ಬಂದಿ, ಬೀಗದ ಕೈ ವಾರ್ಡನ್, ಹೆಸರು ಬರೆಯುವ ಪದ್ಧತಿಯೇ ರದ್ದು. ಲೀಡರ್‌ಗಳಿಗೆ ಗ್ರಂಥಾಲಯ, ಆಟದ ಸಾಮಾನು, ಗೋಡೆಪತ್ರಿಕೆ ಕೊಡಿ. ಬೇರೆ ಹುಡುಗರ ಮೇಲೆ ಹಿಡಿತ ಬರುವ ಕೆಲಸ ಒಂದೂ ಬೇಡ.

ಆಮೇಲೆ ಜಾಗ ಮತ್ತು ಹೊತ್ತು. ಕಟ್ಟಡದ ನಕ್ಷೆ ಬರೆದು, ಮಕ್ಕಳಿಗೆ ‘ಎಲ್ಲಿ ಹೋಗೋಕೆ ಭಯ ಆಗುತ್ತೋ ಅಲ್ಲಿ ಚುಕ್ಕೆ ಇಡಿ’ ಅನ್ನಿ, ಹೆಸರು ಬೇಡ. ಶೌಚಾಲಯದ ಹಿಂಭಾಗ, ಬಟ್ಟೆ ಒಣಹಾಕುವ ತಾರಸಿ, ಮೆಟ್ಟಿಲ ಕೆಳಗೆ, ನೀರಿನ ತೊಟ್ಟಿಯ ಹತ್ತಿರ ಚುಕ್ಕೆ ಗುಂಪುಗಟ್ಟುತ್ತವೆ. ಹೊತ್ತು ಅಂದರೆ ಬೆಳಗಿನ ಸ್ನಾನದ ಸರದಿ ಮತ್ತು ನೀವು ಹೇಳಿದ ಆ ರಾತ್ರಿಯ ಹೊತ್ತು. ಆಗ ಒಬ್ಬ ದೊಡ್ಡವರು ಅಲ್ಲೇ ಇರಬೇಕು, ಆಫೀಸಿನಲ್ಲಿ ಕೂತು ಕಿವಿ ಕೊಟ್ಟರೆ ಸಾಲದು. ಸುತ್ತು ಹೊಡೆಯುವ ಸಮಯ ದಿನಾ ಬದಲಿಸಿ. ಒಂಬತ್ತೂವರೆಗೇ ಬರುತ್ತಾರೆ ಅಂತ ಗೊತ್ತಾದರೆ ಒಂಬತ್ತೂ ಮುಕ್ಕಾಲಿಗೆ ನಡೆಯುತ್ತದೆ. ಸ್ನಾನದ ಸರದಿಯನ್ನು ತರಗತಿವಾರು ಬೇರೆ ಮಾಡಿ, ಆರು, ಏಳು, ಎಂಟನೇ ತರಗತಿ ಮೊದಲು. ಕೆಟ್ಟ ಬಲ್ಬ್, ಮುರಿದ ಚಿಲಕ ಇವತ್ತೇ ಸರಿಯಾಗಲಿ. ಕಿರುಕುಳ ಅನುಭವಿಸುವ ಮಕ್ಕಳು ಶೌಚಕ್ಕೆ ಹೋಗುವುದನ್ನೇ ತಡೆದುಕೊಳ್ಳುತ್ತಾರೆ, ನೀರು ಕುಡಿಯುವುದು ಬಿಡುತ್ತಾರೆ, ಸ್ನಾನ ತಪ್ಪಿಸುತ್ತಾರೆ. ಪದೇ ಪದೇ ಉರಿಮೂತ್ರ ಅಂತ ಬರುವ ಹುಡುಗನನ್ನು ಈ ದೃಷ್ಟಿಯಿಂದಲೂ ಕೇಳಿ.

ವಕೀಲೆ_ಧಾರವಾಡ:

ಕಾನೂನಿನ ಭಾಗ ನಾನು ಹೇಳುತ್ತೇನೆ.

ಟಿಸಿ: 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಹತ್ತನೇ ತರಗತಿಗೆ ಆ ಕಲಂ ಬರುವುದಿಲ್ಲ. ಆದರೂ ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ ಟಿಸಿ ಕೈಗಿಟ್ಟರೆ ಹುಡುಗನ ಓದು ಅಲ್ಲಿಗೇ ನಿಲ್ಲುವ ಸಂಭವ ಹೆಚ್ಚು. ಏಟು ಕೊಡುವ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ತನ್ನ ಸುಪರ್ದಿನಲ್ಲಿರುವ 18ರ ಒಳಗಿನವರಿಗೆ ಹಿಂಸೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಶಿಕ್ಷಕರ ಮೇಲೇ ಬರುತ್ತದೆ. ಮಕ್ಕಳ ಆರೈಕೆ ವಹಿಸಿಕೊಂಡ ಸಂಸ್ಥೆಯ ನೌಕರರಿಗೆ ಶಿಕ್ಷೆ ಐದು ವರ್ಷದವರೆಗೆ.

ಪೊಲೀಸ್: ತಂದೆಯನ್ನು ತಡೆಯಬೇಡಿ, ಅದು ಅವರ ಹಕ್ಕು. ಆದರೆ ‘ಲಾಕಪ್‌ಗೆ ಹಾಕ್ತಾರೆ’ ಅನ್ನುವುದು ತಪ್ಪು ಕಲ್ಪನೆ. ಠಾಣೆಯಲ್ಲಿ ಇದಕ್ಕೆಂದೇ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರುತ್ತಾರೆ, ಅವರನ್ನೇ ಕೇಳಿ. ಮಗುವನ್ನು ಲಾಕಪ್‌ನಲ್ಲಿ ಇಡುವಂತಿಲ್ಲ. ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳ ಪ್ರಕಾರ ಘೋರ ಅಪರಾಧವೂ ಅಲ್ಲದೆ, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ ಎಫ್‌ಐಆರ್ ಇಲ್ಲ. ಠಾಣಾ ದಿನಚರಿಯಲ್ಲಿ ನಮೂದಾಗಿ, ಹುಡುಗನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಮೂಳೆ ಅಥವಾ ಹಲ್ಲು ಮುರಿದಿದ್ದರೆ ಅದು ಕಾನೂನಿನ ಕಣ್ಣಲ್ಲಿ ತೀವ್ರ ಗಾಯ, ಆಗ ಪ್ರಕರಣದ ತೂಕ ಬೇರೆ.

ಒಂದು ವಿಷಯದಲ್ಲಿ ಮಾತ್ರ ನಿಮಗೆ ಆಯ್ಕೆಯೇ ಇಲ್ಲ. ಚಡ್ಡಿ ಎಳೆಯುವುದು, ಗುಪ್ತಾಂಗ ಮುಟ್ಟುವುದು, ಬಟ್ಟೆ ಬಿಚ್ಚಿಸುವುದು ‘ತಮಾಷೆ’ ಹೆಸರಿನಲ್ಲಿ ನಡೆದಿದ್ದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಅನ್ವಯಿಸಬಹುದು. ಅಂಥ ಮಾಹಿತಿ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು. ರಾಜಿ ಪತ್ರಕ್ಕೆ ಬೆಲೆ ಇಲ್ಲ, ಅದು ಮುಚ್ಚಿಟ್ಟಿದ್ದಕ್ಕೆ ಸಾಕ್ಷಿಯಾಗುತ್ತದೆ ಅಷ್ಟೇ. ಜಾತಿ ಹೆಸರು ಹಿಡಿದು ಬೈದಿದ್ದರೆ ಆ ಶಬ್ದವನ್ನು ಹಾಗೇ ದಾಖಲಿಸಿ, ‘ಅವಾಚ್ಯವಾಗಿ ನಿಂದಿಸಿದ’ ಅಂತ ಮಸುಕು ಮಾಡಬೇಡಿ.

ವಿಡಿಯೊ: ‘ಸಾಕ್ಷಿಗೆ ಇರಲಿ’ ಅಂತ ಸ್ಟಾಫ್ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿಸಿಕೊಳ್ಳಬೇಡಿ. ಅದರಲ್ಲಿ ಮಗುವಿನ ನಗ್ನತೆ ಇದ್ದರೆ ಹಂಚಿದವರೂ ಐಟಿ ಕಾಯ್ದೆಯ 67ಬಿ ಕಲಂಗೆ ಸಿಗುತ್ತಾರೆ. ಯಾರ ಫೋನ್, ಯಾವ ಗ್ರೂಪ್, ಯಾವಾಗ ಬಂತು ಬರೆದುಕೊಳ್ಳಿ. ಫೋನನ್ನು ಪಾಲಕರ ಎದುರು ಲಕೋಟೆಗೆ ಹಾಕಿ ಸಹಿ ಮಾಡಿಸಿ. ಡಿಲೀಟ್ ಮಾಡಿಸುವುದೂ ತಪ್ಪೇ, ಪೊಲೀಸರು ನೋಡುವ ಮೊದಲು ಸಾಕ್ಷಿ ಹೋಗುತ್ತದೆ.

ಶಾಲೆ ಕೈಕಟ್ಟಿ ಕೂತರೆ ತಂದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅಥವಾ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಬಹುದು. ಮಾತಿನಲ್ಲಿ ಹೇಳಿ ಬರಬಾರದು. ಎರಡು ಪ್ರತಿ ಬರೆದು, ಒಂದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಲಿ.

ಹಾಸ್ಟೆಲ್_ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ಲೀಡರ್ ಪಟ್ಟಿ ತೆಗೆದು ನೋಡಿದೆ, ನಾಲ್ವರಲ್ಲಿ ಮೂವರು ಲೀಡರ್‌ಗಳೇ. ಆಸ್ಪತ್ರೆಗೆ ಈಗಲೇ ಹೊರಡುತ್ತಿದ್ದೇವೆ. ಇನ್ನೊಂದು ಪ್ರಶ್ನೆ: ಹೊಡೆದ ಹುಡುಗರು ಇಲ್ಲೇ ಉಳಿಯುತ್ತಾರೆ ಅಂದರೆ ಮುಂದಿನ ತಿಂಗಳುಗಳಲ್ಲಿ ಅವರ ಜೊತೆ ಏನು ಮಾಡಬೇಕು?

ಆಪ್ತಸಲಹೆ_ಮೇಡಂ:

ಹಾಸಿಗೆ ಬದಲಿಸುವಾಗ ಚಿಕ್ಕವನನ್ನು ಎಬ್ಬಿಸಬೇಡಿ, ಅವರನ್ನು ಬದಲಿಸಿ. ನಾಲ್ವರೂ ಒಂದೇ ಕೋಣೆಯಲ್ಲಿ ಬೇಡ. ಅವರ ಪಾಲಕರನ್ನೂ ಬೇರೆ ಬೇರೆ ಹೊತ್ತಿಗೆ ಕರೆಸಿ. ‘ನಿಮ್ಮ ಮಗ ರೌಡಿ’ ಅಂತ ಶುರುಮಾಡಿದರೆ ಅವರು ಮಗನ ವಕೀಲರಾಗುತ್ತಾರೆ ಅಥವಾ ಅಲ್ಲೇ ಹೊಡೆಯುತ್ತಾರೆ. ದಿನಾಂಕ, ಜಾಗ, ಮಾಡಿದ ಕೆಲಸ, ಇಷ್ಟನ್ನು ಓದಿ ಹೇಳಿ. ಕಿತ್ತುಕೊಂಡ ದುಡ್ಡು, ಹರಿದ ಬಟ್ಟೆ ಅವರಿಂದಲೇ ಭರ್ತಿಯಾಗಲಿ, ಆದರೆ ವಾರ್ಡನ್ ಮೂಲಕ. ನೇರವಾಗಿ ಕೊಡಿಸಿದರೆ ಮತ್ತೆ ಮುಖಾಮುಖಿ. ಒಬ್ಬೊಬ್ಬನಿಗೂ ವಾರಕ್ಕೊಮ್ಮೆ ಹದಿನೈದು ನಿಮಿಷ ಒಬ್ಬರೇ ಶಿಕ್ಷಕರು ಸಿಗಲಿ. ಆರನೇ ತರಗತಿಯಲ್ಲಿ ಇದನ್ನೇ ಅನುಭವಿಸಿ ಬಂದವನು ಅವರಲ್ಲಿ ಇದ್ದರೆ ಆಗ ಬಾಯಿ ಬಿಡುತ್ತಾನೆ. ನಿದ್ದೆ ಇಲ್ಲದ, ಸಾಯುವ ಮಾತಾಡುವ ಹುಡುಗ ಯಾವ ಕಡೆಯವನೇ ಆಗಿರಲಿ, ಒಬ್ಬನನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಕನ್ನಡದಲ್ಲೂ ಸಿಗುತ್ತದೆ.

ನೋಡುತ್ತಾ ನಿಂತವರನ್ನು ಮರೆಯಬೇಡಿ. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಶಾಲೆಗಳಲ್ಲಿ ಇಂಥ ಕಿರುಕುಳ ತಡೆಯುವ ಕಿವಾ ಕಾರ್ಯಕ್ರಮದ ಮುಖ್ಯ ಒತ್ತು ಇವರ ಮೇಲೆಯೇ. ನಗುವವರು ಇಲ್ಲದಿದ್ದರೆ ಹೊಡೆಯುವವನಿಗೆ ಸಿಗುವ ಮರ್ಯಾದೆ ಇಳಿಯುತ್ತದೆ. ಮೇಲೆ ಬಿದ್ದು ಬಿಡಿಸಿ ಅಂತ ಮಕ್ಕಳಿಗೆ ಹೇಳಬೇಡಿ, ಅವರಿಗೂ ಏಟು ಬಿದ್ದೀತು. ಅದೇ ತರಗತಿಯ ಇಬ್ಬರು ಮೂವರಿಗೆ ಸಣ್ಣ ಕೆಲಸ ಕೊಡಿ: ಊಟಕ್ಕೆ ಅವನ ಪಕ್ಕ ಕೂರುವುದು, ನಲ್ಲಿಗೆ ಜೊತೆ ಹೋಗುವುದು, ಏನಾದರೂ ಕಂಡರೆ ಓಡಿ ಬಂದು ಕರೆಯುವುದು.

ವಾರ್ಡನ್_ಕೊಪ್ಪಳ:

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮರುದಿನ, ಮೂರನೇ ದಿನ, ವಾರಕ್ಕೆ, ತಿಂಗಳಿಗೆ ಆ ಹುಡುಗನನ್ನು ನೀವಾಗಿಯೇ ವಿಚಾರಿಸಿ, ಅವನು ಬಂದು ಹೇಳಲಿ ಅಂತ ಕಾಯಬೇಡಿ. ದೊಡ್ಡ ರಜೆ ಮುಗಿಸಿ ಬಂದ ಮೊದಲ ವಾರ ಎರಡು ಪಟ್ಟು ಎಚ್ಚರ ಬೇಕು. ಎಲ್ಲವನ್ನೂ ಪುಟ ಸಂಖ್ಯೆ ಇರುವ ಗಟ್ಟಿ ಪುಸ್ತಕದಲ್ಲಿ ಬರೆಯಿರಿ, ಬಿಡಿ ಹಾಳೆ ಕಳೆದುಹೋಗುತ್ತವೆ. ನಿಮಗೆ ವರ್ಗಾವಣೆಯಾದರೆ ಆ ಪುಸ್ತಕವನ್ನು ಚಾರ್ಜ್ ವಹಿಸಿಕೊಡುವ ಪಟ್ಟಿಯಲ್ಲಿ ನಮೂದಿಸಿ, ಹೊಸ ವಾರ್ಡನ್ ಸಹಿ ಪಡೆದು ಕೊಟ್ಟು ಹೋಗಿ.