ಹೊಲದಲ್ಲಿ ನಕ್ಕ ದಿನಗಳನ್ನು ವಹಿಯಲ್ಲಿ ಬರೆದಿಡಬೇಕೆಂದಿದ್ದೇನೆ. ನಿಮ್ಮಲ್ಲಿಯೂ ಇದ್ದರೆ ತಿಳಿಸಿರಿ

ಪ್ರಶ್ನೆ: ಎರೆಹೊಲದ ಮಗಳು, ನವಲಗುಂದ

ಎಲ್ಲರಿಗೂ ನಮಸ್ಕಾರ. ನಮ್ಮದು ನವಲಗುಂದ ತಾಲ್ಲೂಕಿನಲ್ಲಿ ಎಂಟು ಎಕರೆ ಎರೆಭೂಮಿ, ಅಂದರೆ ಕಪ್ಪು ಮಣ್ಣಿನ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ ಬೆಳೆಯುತ್ತೇವೆ. ಕಳೆದ ತಿಂಗಳು ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಿದಾಗ ನಮ್ಮ ಅಪ್ಪ ಬರೆದಿಟ್ಟ ಹನ್ನೆರಡು ವಹಿಗಳು ಸಿಕ್ಕವು. ಬೀಜ ಎಷ್ಟು ಸೇರು, ಗೊಬ್ಬರ ಎಷ್ಟು ಚೀಲ, ಆಳಿನ ಪಗಾರ ಎಷ್ಟು, ಎತ್ತಿಗೆ ಲಾಳ ಹೊಡೆಸಿದ್ದಕ್ಕೆ ಎಷ್ಟು ಎಂಬ ಲೆಕ್ಕವೇ ಎಲ್ಲ ಪುಟಗಳಲ್ಲಿಯೂ ತುಂಬಿತ್ತು. ಅಷ್ಟರ ನಡುವೆ ಒಂದೇ ಒಂದು ಕಡೆ ರೊಕ್ಕದ ಸಂಬಂಧವಿಲ್ಲದ ಮಾತು ಇತ್ತು: “ಇಂದು ಕೂರಿಗೆ ಹೂಡಿದೆವು. ಕರಿ ಎತ್ತು ಬಿತ್ತುವ ಹೆಸರು ತಿಂದಿತು. ಮನೆಯವರು ಬಹಳ ನಕ್ಕರು.”

ಆ ದಿನ ನಾನೂ ಬದುವಿನ ಮೇಲೆ ಕುಳಿತಿದ್ದೆ. ನನಗಾಗ ಒಂಬತ್ತು ವರ್ಷ. ಅವ್ವ ಸೆರಗನ್ನು ಉಡಿ ಮಾಡಿ, ಅದರ ತುಂಬ ಹೆಸರುಕಾಳು ಹಾಕಿಕೊಂಡು, ಬಿತ್ತುವ ಕೂರಿಗೆಯ ಹಿಂದೆ ನಡೆಯುತ್ತ, ಬೀಜ ಬಿಡುವ ಶೆಡ್ಡಿ ಬಟ್ಟಲಿಗೆ ಹಿಡಿಹಿಡಿಯಾಗಿ ಬಿಡುತ್ತಿದ್ದಳು. ಸಾಲು ಮುಗಿದು ಎತ್ತುಗಳು ಹೊರಳುವಾಗ ಒಂದು ಎತ್ತು ತಲೆ ಚಾಚಿ ನೇರವಾಗಿ ಅವ್ವನ ಉಡಿಗೇ ಮೂತಿ ಇಟ್ಟಿತು. ಬಾಯಿ ತೆಗೆದಾಗ ಅದರ ಮೂಗಿನ ತುಂಬ ಹಸಿರು ಕಾಳು ಅಂಟಿಕೊಂಡಿದ್ದವು. ಅವ್ವ ನಿಲ್ಲಲಾರದಷ್ಟು ನಕ್ಕು, ಹಸಿ ಎರೆಯಲ್ಲಿಯೇ ಕುಳಿತುಬಿಟ್ಟಳು. ಅಪ್ಪ ಬಾರುಕೋಲು ಎತ್ತಲಿಲ್ಲ. “ಅದರ ಪಾಲ ಅದು ಮೊದಲ ತಗೊಂಡೈತಿ, ಬಿಡು” ಎಂದರು.

ಈಗ ನಾವು ಟ್ರ್ಯಾಕ್ಟರಿನ ಕೂರಿಗೆಯಿಂದ ಬಿತ್ತುತ್ತೇವೆ, ಎತ್ತುಗಳಿಲ್ಲ. ಹುಬ್ಬಳ್ಳಿಯಲ್ಲಿ ಪಿಯುಸಿ ಓದುತ್ತಿರುವ ನನ್ನ ಮಗ ಮನೆಗೆ ಬಂದಾಗಲೆಲ್ಲ ಕೇಳುವುದು ದರದ ಮಾತು, ಸಾಲದ ಮಾತು, ಮಳೆ ಕೈಕೊಟ್ಟ ಮಾತು. ಅವು ಸುಳ್ಳಲ್ಲ, ಅವನ್ನು ಅವನಿಂದ ಮುಚ್ಚಿಡುವ ಇಚ್ಛೆಯೂ ನನಗಿಲ್ಲ. ಆದರೆ ಅವನಿಗೆ ಇದೂ ಗೊತ್ತಾಗಬೇಕು ಎಂದು ಹದಿಮೂರನೆಯ ವಹಿಯೊಂದನ್ನು ತಂದಿದ್ದೇನೆ. ಎತ್ತು ಹೋಗಿ ಯಂತ್ರ ಬಂದ ಮೇಲೆ ನಿಮ್ಮ ಹೊಲಗಳಲ್ಲಿ ಇಂಥ ಗಳಿಗೆಗಳು ಉಳಿದಿವೆಯೇ? ಉಳಿದಿದ್ದರೆ ಯಾವ ಬೆಳೆಯಲ್ಲಿ, ಯಾವ ಕೆಲಸದಲ್ಲಿ ಬರುತ್ತವೆ? ದಯವಿಟ್ಟು ನಡೆದದ್ದನ್ನು ನಡೆದ ಹಾಗೆಯೇ ಬರೆಯಿರಿ.

ಉತ್ತರ: ಮೆಣಸಿನಕಾಯಿ ಮಡಿ, ಕುಂದಗೋಳ

ಅಕ್ಕಾವರೇ, ನಿಮ್ಮ ಅವ್ವನವರು ಎರೆಯಲ್ಲಿ ಕುಳಿತು ನಕ್ಕದ್ದನ್ನು ಓದಿ ನಮ್ಮ ಅತ್ತೆಯವರಿಗೂ ಓದಿ ಹೇಳಿದೆ. ನಮ್ಮ ಕಡೆ ನಗು ಹುಟ್ಟುವುದು ಹೆಚ್ಚಾಗಿ ಕಸ ತೆಗೆಯುವ ಕೆಲಸದಲ್ಲಿ. ಹದಿನಾಲ್ಕು ಜನ ಹೆಣ್ಣುಮಕ್ಕಳು ಕಸ ತೆಗೆಯುವ ಕುರ್ಚಿಗಿ ಹಿಡಿದು, ಸಾಲಿಗೊಬ್ಬರಂತೆ ಕುಳಿತು ಮುಂದೆ ಸರಿಯುವಾಗ ಸೊಂಟ ನೋಯುತ್ತದೆ, ಬಿಸಿಲು ಬೆನ್ನು ಸುಡುತ್ತದೆ. ಆ ನೋವನ್ನು ಮಾತೇ ಹಗುರ ಮಾಡಬೇಕು.

ಎರಡು ವರ್ಷದ ಹಿಂದೆ, ಶ್ರಾವಣ ಮುಗಿದ ಹೊಸತರಲ್ಲಿ, ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ನಮ್ಮ ಗುಂಪಿಗೆ ಬಂದಳು. ಮೂರು ದಿನ ಅವಳು ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ನಾಲ್ಕನೆಯ ದಿನ ಗುಂಪಿನ ಹಿರಿಯಾಕೆ ಅವಳ ಸಾಲಿಗೆ ಅಡ್ಡ ಕುಳಿತು, “ಒಡಪ ಹಾಕಿ ಗಂಡನ ಹೆಸರ ಹೇಳೂತನಕ ನಿನ್ನ ಸಾಲ ಮುಂದ ಹೋಗಂಗಿಲ್ಲ ನೋಡವಾ” ಎಂದಳು. ಹುಡುಗಿ ತಲೆ ತಗ್ಗಿಸಿದಳು, ಸೆರಗು ಸರಿಮಾಡಿಕೊಂಡಳು, ಬೇಡವೆಂದಳು. ಕೊನೆಗೆ ಕಣ್ಣು ಮುಚ್ಚಿಕೊಂಡು ಶುರು ಮಾಡಿದಳು:

ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಕೆಂಪ,
ಬೇವಿನ ಗಿಡದ ಬುಡಕ ನೆಳ್ಳ ತಂಪ,
ಎಲ್ಲಾರ ಮುಂದ ಹೆಸರ ಹೇಳಾಕ ನಾಚಿಕಿ ನನಗ ಭಾಳ...

ನಾಲ್ಕನೆಯ ಸಾಲಿನಲ್ಲಿ ಹೆಸರು ಬರುತ್ತದೆ, ಅದನ್ನು ಇಲ್ಲಿ ಬರೆಯುವುದು ಸರಿಯಲ್ಲ. ಅವಳು ಕಣ್ಣು ಮುಚ್ಚಿದ್ದಾಗಲೇ ಅವಳ ಗಂಡ ನಮಗೆಲ್ಲ ಕುಡಿಯುವ ನೀರಿನ ಕೊಡ ಹೊತ್ತುಕೊಂಡು ಹಿಂದಿನ ಬದುವಿನಿಂದ ಬರುತ್ತಿದ್ದ. ನಾವೆಲ್ಲ ನೋಡಿದೆವು, ಯಾರೂ ಹೇಳಲಿಲ್ಲ. ಅವಳು ಹೆಸರನ್ನು ಗಟ್ಟಿಯಾಗಿ ಹೇಳಿದ ಕೂಡಲೇ, ತನ್ನನ್ನು ಯಾರೋ ಕರೆದರೆಂದು ತಿಳಿದು ಅವನು ಹಿಂದಿನಿಂದ “ಓ, ಏನ್ರೀ?” ಎಂದು ಓಗೊಟ್ಟ. ಹುಡುಗಿ ಹೌಹಾರಿ ಪಕ್ಕದಾಕೆಯ ಸೆರಗಿನಲ್ಲಿ ಮುಖ ಹುದುಗಿಸಿಕೊಂಡಳು. ಅವನು ಕೊಡವನ್ನು ಅಲ್ಲಿಯೇ ಇಳಿಸಿ, ತಿರುಗಿ ನೋಡದೆ ಹೋದ. ಆ ದಿನ ಸಂಜೆಯವರೆಗೆ ಯಾರು ಯಾರನ್ನು ಕರೆದರೂ ಉಳಿದ ಹನ್ನೆರಡು ಜನ ಕೂಡಿ “ಓ, ಏನ್ರೀ?” ಎನ್ನುತ್ತಿದ್ದೆವು. ಈಗ ಅವಳೇ ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಒಡಪು ಹಾಕುತ್ತಾಳೆ.

ನೀವು ಯಂತ್ರದ ಮಾತು ಕೇಳಿದ್ದೀರಿ. ಕಳೆನಾಶಕ ಸಿಂಪಡಿಸುವ ಹೊಲಗಳಲ್ಲಿ ಇಂಥ ಗುಂಪು ಕೂಡುವುದಿಲ್ಲ, ಇದು ನಿಜ. ಆದರೆ ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಬ್ಯಾಡಗಿ ಮೆಣಸಿನಕಾಯಿಯನ್ನು ಗಿಡದಲ್ಲಿ ಹಣ್ಣಾದಂತೆಲ್ಲ ಮೂರು ನಾಲ್ಕು ಸಲ ಕೈಯಿಂದಲೇ ಬಿಡಿಸಬೇಕು. ಅಲ್ಲಿಯವರೆಗೆ ನಮ್ಮ ಸಾಲು ಒಡೆಯುವುದಿಲ್ಲ.

ಉತ್ತರ: ಕೆರೆಯ ಪಕ್ಕದ ಅಜ್ಜ, ಶಿರಹಟ್ಟಿ ತಾಲ್ಲೂಕು

ತಂಗೀ, ನಮ್ಮ ಹೊಲ ಮಾಗಡಿ ಕೆರೆಯಿಂದ ಹೆಚ್ಚು ದೂರವಿಲ್ಲ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಈ ಕೆರೆಗೆ ಬರುತ್ತವೆ. 2024ರಲ್ಲಿ ಇದು ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನೋಡಲು ಬರುವವರು ಹಗಲು ಕೆರೆಯಲ್ಲಿ ತೇಲುವ ಹಕ್ಕಿಗಳನ್ನು ನೋಡಿ ಹೋಗುತ್ತಾರೆ. ಹೊತ್ತು ಮುಳುಗಿದ ಮೇಲೆ ಅವು ಮೇಯಲು ಬರುವುದು ನಮ್ಮ ಹೊಲಗಳಿಗೆ. ಕಡಲೆಯ ಎಳೆಯ ಕುಡಿ ಅವಕ್ಕೆ ಬಹಳ ಪ್ರೀತಿ, ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯಿಯನ್ನೂ ಬಿಡುವುದಿಲ್ಲ.

ಹಾನಿ ಆಗುತ್ತದೆ, ಅದನ್ನು ಮೊದಲು ಬರೆದುಕೊಳ್ಳಿರಿ. ರಾತ್ರಿ ಕಾವಲು ಕೂಡುವುದು ಅದಕ್ಕಾಗಿಯೇ. ಕಳೆದ ವರ್ಷ ಮೊಮ್ಮಗ ಹಟ ಹಿಡಿದು ನನ್ನ ಜೊತೆ ಬಂದ. ಅವನು ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಕಂಬಳಿ ಹೊದ್ದು, ಕೈಯಲ್ಲಿ ಬ್ಯಾಟರಿ ಹಿಡಿದು ಬದುವಿನ ಮೇಲೆ ಕುಳಿತೆವು. ನಡುರಾತ್ರಿ ದಾಟಿದ ಮೇಲೆ ಹಿಂಡು ಇಳಿಯಿತು. ನಾನು ಡಬ್ಬಿ ಬಡಿಯಲು ಎದ್ದಾಗ ಅವನು ನನ್ನ ಕೈ ಹಿಡಿದು, ಎರಡೂ ಅಂಗೈಗಳನ್ನು ಬಾಯಿಗೆ ಒಡ್ಡಿ, ಹಕ್ಕಿಗಳ ಹಾಗೆಯೇ ಮೂಗಿನಿಂದ “ಆಂಗ್, ಆಂಗ್” ಎಂದು ಕೂಗಿದ. ಒಂದು ಗಳಿಗೆ ಎಲ್ಲ ಸದ್ದು ನಿಂತಿತು. ಆಮೇಲೆ ಹಿಂಡಿನೊಳಗಿಂದ ಒಂದು ಹಕ್ಕಿ ಅದೇ ಧ್ವನಿಯಲ್ಲಿ ಉತ್ತರ ಕೊಟ್ಟಿತು. ಅವನು ಮತ್ತೆ ಕೂಗಿದ, ಅದು ಮತ್ತೆ ಉತ್ತರಿಸಿತು. ಮೂರನೆಯ ಸಲ ಉತ್ತರ ಬಂದದ್ದು ಪಕ್ಕದ ಹೊಲದ ಕಡೆಯಿಂದ. ಅದು ಹಕ್ಕಿಯಲ್ಲ, ಅಲ್ಲಿ ಕಾವಲು ಕುಳಿತಿದ್ದ ನನ್ನ ಓರಿಗೆಯ ಗೆಳೆಯ. ಅವನ ಕೆಮ್ಮಿನಿಂದ ಗುರುತು ಸಿಕ್ಕಿತು. ನಾವು ಮೂವರೂ ಕತ್ತಲಲ್ಲಿ ಅಷ್ಟು ದೂರದಿಂದಲೇ ಕೂಡಿ ನಕ್ಕ ಸದ್ದಿಗೆ ಹಿಂಡೆಲ್ಲ ಮೇಲೆದ್ದಿತು. ನೂರಾರು ರೆಕ್ಕೆಗಳು ಒಮ್ಮೆಲೇ ಬಿಚ್ಚಿಕೊಂಡಾಗ ಎದ್ದ ಗಾಳಿ ಮುಖಕ್ಕೆ ತಾಕಿತು. ಡಬ್ಬಿ ಬಡಿಯುವ ಪ್ರಮೇಯವೇ ಬರಲಿಲ್ಲ.

ಬೆಳಗ್ಗೆ ನಾನು ಮೇಯ್ದ ಸಾಲುಗಳನ್ನು ಎಣಿಸುತ್ತಿದ್ದರೆ, ಹುಡುಗ ಹಿಂದಿನಿಂದ ಹಿಕ್ಕೆಗಳನ್ನು ಎಣಿಸುತ್ತ ಬಂದ. “ಅಜ್ಜಾ, ಉಂಡದ್ದ ಬರದ್ರ ಗೊಬ್ಬರ ಕೊಟ್ಟದ್ದನ್ನೂ ಬರೀಬೇಕ ನೋಡು” ಎಂದ. ಅವನು ಎಣಿಸಿದ್ದು ನೂರಾ ಏಳು. ನಿಮ್ಮ ವಹಿಯಲ್ಲಿ ಎರಡನ್ನೂ ಬರೆಯಿರಿ.

ಉತ್ತರ: ಮಳೆಯಾಶ್ರಿತ, ರೋಣ

ನನ್ನ ಮಾತು ಬೇರೆಯೇ ಇದೆ, ತಪ್ಪು ತಿಳಿಯಬೇಡಿರಿ. ನಗುವನ್ನಷ್ಟೇ ಆಯ್ದು ಒಂದು ವಹಿಯಲ್ಲಿ ಬರೆದಿಟ್ಟರೆ, ಮುಂದೆ ಓದುವ ಹುಡುಗನಿಗೆ ಒಕ್ಕಲುತನವೆಂದರೆ ದಿನವೂ ಹಬ್ಬವೆಂದು ತೋರೀತು. ಬಿತ್ತಿದ ಬೀಜ ಹುಟ್ಟದೆ ಮತ್ತೊಮ್ಮೆ ಬಿತ್ತಿ, ಅದೂ ಒಣಗಿದ ವರ್ಷ ನಮ್ಮ ಮನೆಯಲ್ಲಿ ಯಾರೂ ನಕ್ಕ ನೆನಪು ನನಗಿಲ್ಲ. ನಿಮ್ಮ ಅಪ್ಪನವರು ಆ ಸಾಲನ್ನು ಬೀಜದ ಲೆಕ್ಕ ಮತ್ತು ಆಳಿನ ಪಗಾರದ ನಡುವೆ ಬರೆದದ್ದರಿಂದಲೇ ಅದಕ್ಕೆ ತೂಕ ಬಂದಿದೆ. ಬೇರೆ ವಹಿ ಮಾಡಬೇಡಿರಿ. ಈಗಿನ ಖರ್ಚಿನ ವಹಿಯಲ್ಲಿಯೇ ಆಯಾ ದಿನದ ಲೆಕ್ಕದ ಕೆಳಗೆ ಬರೆಯಿರಿ ಎಂಬುದು ನನ್ನ ಸಲಹೆ.

ಉತ್ತರ: ಗೋವಿನಜೋಳ, ಹಾವೇರಿ

ರೋಣದ ಅಣ್ಣನವರ ಮಾತು ಒಪ್ಪುವಂಥದ್ದು. ಯಂತ್ರದ ಬಗ್ಗೆ ಮಾತ್ರ ನಾನು ಒಂದನ್ನು ಸೇರಿಸುತ್ತೇನೆ. ನಮ್ಮಲ್ಲಿ ಗೋವಿನಜೋಳದ (ಮೆಕ್ಕೆಜೋಳದ) ರಾಶಿಯನ್ನು, ಅಂದರೆ ಕಾಳು ಬಿಡಿಸುವ ಕೆಲಸವನ್ನು, ಈಗ ಮಷೀನು ಒಂದೇ ತಾಸಿನಲ್ಲಿ ಮುಗಿಸುತ್ತದೆ, ಆದರೆ ಕಾಳು ಒಣಗಿಸುವುದಕ್ಕೆ ಬಿಸಿಲೇ ಬೇಕು. ದೀಪಾವಳಿಯ ಮುಂಚೆ ಊರ ರಸ್ತೆಯ ಒಂದು ಮಗ್ಗುಲೆಲ್ಲ ಹಳದಿಯಾಗಿರುತ್ತದೆ.

ಬದುವಿನ ಸಲುವಾಗಿ ಮೂರು ವರ್ಷದಿಂದ ಮಾತು ಬಿಟ್ಟಿದ್ದ ಎರಡು ಮನೆಯವರ ರಾಶಿಗಳು ಈ ಸಲ ಅಕ್ಕಪಕ್ಕದಲ್ಲಿಯೇ ಬಿದ್ದಿದ್ದವು. ಮಧ್ಯಾಹ್ನ ಮೋಡ ಕಪ್ಪಾಗಿ ಗಾಳಿ ಎದ್ದಾಗ ಓಣಿಯ ಮಂದಿಯೆಲ್ಲ ತಾಡಪತ್ರಿ ಹಿಡಿದು ಓಡಿದರು. ಒಂದು ಮನೆಯವರ ತಾಡಪತ್ರಿ ಹರಿದಿತ್ತು, ಇನ್ನೊಂದು ಮನೆಯವರದು ದೊಡ್ಡದಿತ್ತು. ಯಾರೂ ಯಾರನ್ನೂ ಕರೆಯಲಿಲ್ಲ, ಆದರೂ ಅದರ ನಾಲ್ಕು ತುದಿಗಳನ್ನು ಎರಡೂ ಮನೆಯವರು ಹಿಡಿದುಕೊಂಡು ಎರಡು ರಾಶಿಗಳ ಮೇಲೆ ಎಳೆದು, ಗಾಳಿಗೆ ಹಾರದಂತೆ ಅಂಚಿನ ಮೇಲೆ ಕುಳಿತರು. ಅರ್ಧ ತಾಸು ಕುಳಿತರೂ ಒಂದು ಹನಿ ಬೀಳದೆ ಬಿಸಿಲು ಬಂತು. ಆಗ ಒಂದು ಮನೆಯ ಹಿರಿಯರು ಆಕಾಶ ನೋಡಿ, ಎದುರಿನವರ ಮುಖ ನೋಡಿ, “ಚಾ ಆಗೇತೇನು?” ಎಂದು ಕೇಳಿದರು. ಉತ್ತರ ಬರುವ ಮೊದಲೇ ಇಡೀ ಓಣಿ ನಕ್ಕಿತು, ಅವರಿಬ್ಬರೂ ನಕ್ಕರು. ಬದುವಿನ ತಕರಾರು ಇನ್ನೂ ಬಗೆಹರಿದಿಲ್ಲ. ಚಹಾ ಮಾತ್ರ ದಿನಾ ನಡೆದಿದೆ.

ಪ್ರಶ್ನೆ ಕೇಳಿದವರಿಂದ: ಎರೆಹೊಲದ ಮಗಳು, ನವಲಗುಂದ

ಎಲ್ಲರಿಗೂ ಮನಸಾರೆ ವಂದನೆಗಳು. ರೋಣದ ಅಣ್ಣನವರ ಮಾತಿನಂತೆ ಹೊಸ ವಹಿಯನ್ನು ಬದಿಗಿಟ್ಟು, ಖರ್ಚಿನ ವಹಿಯಲ್ಲಿಯೇ ಬರೆಯಲು ಶುರು ಮಾಡಿದ್ದೇನೆ.

ಕಳೆದ ರವಿವಾರ ಮಗ ಬಂದಿದ್ದ. ಬಿಳಿಜೋಳದ ಎಳೆಯ ತೆನೆ ಸುಟ್ಟು ತಿನ್ನುವ ಸೀತನಿಗೆ ಹದವಾಗಿದೆ ಎಂದು ಎಪ್ಪತ್ತೆಂಟು ವರ್ಷದ ಅವ್ವನನ್ನೂ ಹೊಲಕ್ಕೆ ಕರೆದುಕೊಂಡು ಹೋದೆವು. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಚಟ್ನಿ ಮತ್ತು ಬೆಲ್ಲದ ಜೊತೆ ತಿಂದೆವು. ಮಗ ಊದಿದ ಹೊಟ್ಟೆಲ್ಲ ಎದುರುಗಾಳಿಗೆ ಅವನ ಮೀಸೆಗೇ ಬಂದು ಕೂತಿತು. ಅದನ್ನು ನೋಡಿ ಅವ್ವ, “ನಿಮ್ಮಜ್ಜನ ಮೀಸಿನ ಬಂತು ನೋಡು” ಎಂದಳು.

ಅಲ್ಲಿಯೇ ಅಪ್ಪ ಬರೆದ ಸಾಲನ್ನು ಅವಳಿಗೆ ಓದಿ ಹೇಳಿದೆ. ಕಣ್ಣೀರು ಬಂದೀತೆಂದು ನಾನು ಅಂಜಿದ್ದೆ. ಅವಳು ಪೂರ್ತಿ ಕೇಳಿ, “ಸುಳ್ಳ ಬರದಾರ. ಕರಿ ಎತ್ತಲ್ಲ ಅದು, ಕೆಂದ ಎತ್ತ. ಮತ್ತ ನನಗಿಂತ ಅವರ ಹೆಚ್ಚ ನಕ್ಕಿದ್ರು, ಅದನ್ನ ಬರದಽ ಇಲ್ಲ” ಎಂದಳು. ಮಗ ಅಜ್ಜಿಯ ಎರಡೂ ತಿದ್ದುಪಡಿಗಳನ್ನು ಈ ವರ್ಷದ ವಹಿಯಲ್ಲಿ, ಕಡಲೆಗೆ ಹೊಡೆದ ಔಷಧದ ಖರ್ಚಿನ ಕೆಳಗೆ, ತಾರೀಖು ಹಾಕಿ ಬರೆದಿದ್ದಾನೆ.

ಶಿರಹಟ್ಟಿಯ ಅಜ್ಜನವರ ನೂರಾ ಏಳರ ಲೆಕ್ಕವನ್ನೂ, ಹಾವೇರಿಯ ಚಹಾವನ್ನೂ ಅದೇ ಪುಟಕ್ಕೆ ಸೇರಿಸಿದ್ದೇವೆ. ಕುಂದಗೋಳದ ತಂಗಿಯವರು ಆ ಹುಡುಗಿಯಿಂದ ಇನ್ನೂ ನಾಲ್ಕು ಒಡಪುಗಳನ್ನು ಕೇಳಿ, ಹೆಸರು ಬರುವ ಸಾಲನ್ನು ಬಿಟ್ಟು ಕಳಿಸಿದರೆ ದೊಡ್ಡ ಉಪಕಾರವಾಗುತ್ತದೆ. ಎಡಗಡೆಯ ಪುಟವನ್ನು ಖಾಲಿ ಬಿಟ್ಟಿದ್ದೇನೆ.