ಅಪ್‌ಡೇಟ್: ಅಮ್ಮನ ತಿಂಡಿಗೆ ಹೆಸರುಕಾಳು ದೋಸೆ

ಶುಗರ್ ಇರುವ ಅಮ್ಮನಿಗೆ ಪ್ರೋಟೀನ್ ಜಾಸ್ತಿ ಸಿಗುವ ದೋಸೆ ಯಾವುದು ಅಂತ ಕೇಳಿದ್ದೆ. ನೀವು ಹೇಳಿದ ಹೆಸರುಕಾಳು ದೋಸೆ ಈಗ ನಮ್ಮನೆಯಲ್ಲಿ ಕಾಯಂ ಆಗಿದೆ. 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್, ನಾರೂ ಸಾಕಷ್ಟಿದೆ. ರಾತ್ರಿ ನೆನೆಸಿ, ಬೆಳಿಗ್ಗೆ ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ ರುಬ್ಬುತ್ತೇನೆ. ಹುಳಿ ಬರಿಸುವ ಕೆಲಸವೇ ಇಲ್ಲ. ಗರಿಗರಿ ಆಗಲು ಒಂದು ಹಿಡಿ ಅಕ್ಕಿ ಸೇರಿಸಿ ಅಂದಿದ್ದರು ಕೆಲವರು. ನಾನು ಸೇರಿಸಲಿಲ್ಲ, ಅಕ್ಕಿ ಕಡಿಮೆ ಮಾಡೋದೇ ಉದ್ದೇಶ ಅಲ್ವಾ! ಹಿಟ್ಟು ಸ್ವಲ್ಪ ಗಟ್ಟಿಯಾಗಿದ್ದು, ಉರಿ ಸಣ್ಣದಿದ್ದರೆ ದೋಸೆ ಸಲೀಸಾಗಿ ಏಳುತ್ತದೆ. ಮೇಲೆ ಈರುಳ್ಳಿ, ತುರಿದ ಪನೀರ್.

ತಿಂದು ಎರಡು ಗಂಟೆ ಆದ ಮೇಲೆ ಅಮ್ಮನ ಶುಗರ್ ಈಗ 180ರೊಳಗೇ ಇರುತ್ತದೆ. ಇಡ್ಲಿ ತಿಂದ ದಿನ ದಾಟುತ್ತಿತ್ತು. ಮಾತ್ರೆ ಮಾತ್ರ ಡಾಕ್ಟರ್ ಹೇಳಿದಂತೆಯೇ ನಡೆದಿದೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.