ಕಾರುಗಳು ಒಂದರ ಜೊತೆ ಒಂದು ಮಾತಾಡಲು ಟವರ್ ಬೇಕಾ?

ಹೊಸಚಕ್ರ:
ವಿ2ಎಕ್ಸ್ ಬಗ್ಗೆ ಓದುತ್ತಿದ್ದೆ, ಅದೇ ಕಾರುಗಳು ಸುತ್ತಲಿನ ಕಾರು, ರಸ್ತೆ ಬದಿಯ ಉಪಕರಣಗಳ ಜೊತೆ ಸುದ್ದಿ ಹಂಚಿಕೊಳ್ಳುವ ತಂತ್ರ. ಮುಂದಿನ ಕಾರು ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನ ಕಾರಿಗೆ ಗೊತ್ತಾಗುತ್ತದಂತೆ. ಆದರೆ ಆ ಸುದ್ದಿ ಮೊಬೈಲ್ ಟವರ್‌ಗೆ ಹೋಗಿ, ಅಲ್ಲಿಂದ ಯಾವುದೋ ಸರ್ವರ್ ಮುಟ್ಟಿ, ತಿರುಗಿ ಹಿಂದಿನ ಕಾರಿಗೆ ಬರುವಷ್ಟರಲ್ಲಿ ಗುದ್ದಿಯೇ ಆಗಿರುತ್ತದೆ ಅಲ್ವಾ? ರೇಡಾರ್, ಕ್ಯಾಮೆರಾ ಇರುವಾಗ ಇದು ಯಾಕೆ ಬೇಕು?

ರೇಡಿಯೋಹುಳು:
ಟವರ್ ಬೇಡ. ಕಾರಿನಿಂದ ಕಾರಿಗೆ ನೇರ ರೇಡಿಯೋ, 5.9 ಗಿಗಾಹರ್ಟ್ಸ್ ಸುತ್ತಮುತ್ತ. ಪ್ರತಿ ಕಾರೂ ಸೆಕೆಂಡಿಗೆ ಸುಮಾರು 10 ಸಲ "ನಾನು ಇಲ್ಲಿದ್ದೇನೆ, ಇಷ್ಟು ವೇಗ, ಈ ದಿಕ್ಕು, ಬ್ರೇಕ್ ಒತ್ತಿದ್ದೇನೆ" ಎಂದು ಕೂಗುತ್ತಾ ಹೋಗುತ್ತದೆ. ಯಾರಿಗೆ ಅಂತ ಇಲ್ಲ, ಹತ್ತಿರ ಇದ್ದವರು ಕೇಳಿಸಿಕೊಳ್ಳಬೇಕು ಅಷ್ಟೇ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎರಡು ಕೂಗುಗಳ ನಡುವೆ ಕಾರು 3 ಮೀಟರ್ ಕೂಡ ಮುಂದೆ ಹೋಗಿರುವುದಿಲ್ಲ. ಟವರ್ ಮೂಲಕ ಹೋಗುವ ದಾರಿಯೂ ಇದೆ, ಆದರೆ ಅದು ಮುಂದೆ ಎಲ್ಲೋ ಜಾಮ್ ಆಗಿದೆ ಎಂಬಂಥ, ಅವಸರವಿಲ್ಲದ ಸುದ್ದಿಗೆ.

ಇನ್ನು ರೇಡಾರ್, ಕ್ಯಾಮೆರಾ. ನಿಮ್ಮ ಮುಂದೆ ದೊಡ್ಡ ಲಾರಿ ಇದೆ ಅಂದುಕೊಳ್ಳಿ. ಅದರಾಚೆ ಕಾರೊಂದು ಬ್ರೇಕ್ ಹಾಕಿದರೆ ನಿಮ್ಮ ಕ್ಯಾಮೆರಾಗೆ ಕಾಣುವುದು ಲಾರಿಯ ಹಿಂಭಾಗ ಮಾತ್ರ, ರೇಡಿಯೋಗೆ ಮಾತ್ರ ಆ ಕಾರಿನ ಕೂಗು ಕೇಳಿಸಬಹುದು. ಆದರೂ ಇದು ಮಾಯೆ ಏನಲ್ಲ, ಕಟ್ಟಡ ಅಡ್ಡ ಬಂದರೆ 5.9 ಬೇಗ ಸೋಲುತ್ತದೆ. ಜಪಾನ್‌ನಲ್ಲಿ 760 ಮೆಗಾಹರ್ಟ್ಸ್ ಬಳಸುತ್ತಾರೆ, ಅದು ಮೂಲೆ ತಿರುಗುವುದರಲ್ಲಿ ವಾಸಿ.

ಗೇರ್‌ಪೆಟ್ಟಿಗೆ:
ತಂತ್ರ ಚೆನ್ನಾಗಿದೆ, ಆದರೆ ನನ್ನ ಒಬ್ಬನ ಕಾರಿನಲ್ಲಿ ಇದ್ದರೆ ಯಾರ ಜೊತೆ ಮಾತಾಡಲಿ? ಸಾಲದ್ದಕ್ಕೆ ಎರಡು ಭಾಷೆ ಬೇರೆ. ವೈಫೈ ಕುಲದ 802.11ಪಿ ಒಂದು, ಮೊಬೈಲ್ ಕುಲದ ಸಿ-ವಿ2ಎಕ್ಸ್ ಇನ್ನೊಂದು. ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ಅಮೆರಿಕದಲ್ಲಿ 1999ರಲ್ಲೇ ಇದಕ್ಕೆಂದು 5.9 ಗಿಗಾಹರ್ಟ್ಸ್ ಸುತ್ತ 75 ಮೆಗಾಹರ್ಟ್ಸ್ ಅಗಲದ ರೇಡಿಯೋ ಜಾಗ ಎತ್ತಿಟ್ಟರು. ಇಪ್ಪತ್ತು ವರ್ಷ ಆದರೂ ರಸ್ತೆಯಲ್ಲಿ ಹೆಚ್ಚೇನೂ ಬರಲಿಲ್ಲ. 2020ರಲ್ಲಿ ಅದರಲ್ಲಿ 45 ಅನ್ನು ವೈಫೈಗೆ ಕೊಟ್ಟು, ಉಳಿದ 30 ಅನ್ನು ಸಿ-ವಿ2ಎಕ್ಸ್ ಕಡೆ ತಿರುಗಿಸಿದರು. ಹಳೆಯ 802.11ಪಿ ಪದ್ಧತಿ ನಂಬಿ ರಸ್ತೆ ಬದಿ ರೇಡಿಯೋ ಪೆಟ್ಟಿಗೆ ನೆಟ್ಟವರ ಪಾಡು ಕೇಳಬೇಡಿ.

ಹೊಸಚಕ್ರ:
ಓಹ್, ಹಾಗಾದರೆ ನಾನು ತಲೆಕೆಳಗಾಗಿ ತಿಳಿದುಕೊಂಡಿದ್ದೆ. ಇನ್ನೊಂದೇ ಪ್ರಶ್ನೆ. ಯಾರೋ ತಮಾಷೆಗೆ ರಸ್ತೆ ಬದಿ ಕೂತು "ಬ್ರೇಕ್, ಬ್ರೇಕ್" ಎಂದು ಸುಳ್ಳು ಕೂಗಿದರೆ? ಮತ್ತೆ ಸದಾ ಕೂಗುತ್ತಾ ಹೋದರೆ ನಾನು ಎಲ್ಲೆಲ್ಲಿ ಸುತ್ತುತ್ತೇನೆ ಅಂತ ಎಲ್ಲರಿಗೂ ಗೊತ್ತಾಗುವುದಿಲ್ವಾ?

ರೇಡಿಯೋಹುಳು:
ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುತ್ತದೆ, ಸರಿಯಾದ ಸಹಿ ಇಲ್ಲದ್ದನ್ನು ಕಾರು ಕಸಕ್ಕೆ ಹಾಕುತ್ತದೆ. ಆ ಸಹಿಯಲ್ಲಿ ನಿಮ್ಮ ಹೆಸರಾಗಲಿ ನಂಬರ್ ಪ್ಲೇಟ್ ಆಗಲಿ ಇರುವುದಿಲ್ಲ. ಸುಳ್ಳು ಹೆಸರು ಇದ್ದ ಹಾಗೆ, ಆಗಾಗ ಬದಲಾಗುತ್ತಾ ಇರುತ್ತದೆ. ನನಗೆ ಚಿಂತೆ ಇರುವುದು ಬೇರೆ ಕಡೆ. ಸಹಿ ಅಸಲಿ, ಕಾರೂ ಅಸಲಿ, ಆದರೆ ಅದರ ಜಿಪಿಎಸ್ ಪಕ್ಕದ ಲೇನ್‌ನಲ್ಲಿ ಇದ್ದೇನೆ ಅಂದುಕೊಂಡಿದೆ. ಆಗ ಸಹಿ ಏನೂ ಮಾಡಲಾರದು. ಅದಕ್ಕೇ ಬಂದ ಸುದ್ದಿಯನ್ನು ರೇಡಾರ್ ಕಂಡದ್ದರ ಜೊತೆ ತಾಳೆ ನೋಡಬೇಕು. ರೇಡಾರ್ ಯಾಕೆ ಅಂತ ಕೇಳಿದಿರಲ್ಲ, ಅದಕ್ಕೆ ಇಲ್ಲೂ ಕೆಲಸ ಇದೆ.